ಎಂಜಿನ್ ಅಕ್ಕನಿಗೆ, ಚಾಸಿ ತಮ್ಮನಿಗೆ

ನರಸಿಂಹರಾಜಪುರ
18 ಜನವರಿ 2024

ತಮ್ಮ ಯೋಗೇಂದ್ರನಿಗೆ ನೀಲಾಂಬಿಕೆಯ ಆಶೀರ್ವಾದ.

ಕವರಿನ ಮೇಲೆ ನನ್ನ ಅಕ್ಷರ ನೋಡಿ ಗಾಬರಿಯಾಗಬೇಡ, ಇಲ್ಲಿ ಯಾರೂ ಸತ್ತಿಲ್ಲ. ಅಪ್ಪಯ್ಯನ ಆಸ್ತಿ ಹಿಸ್ಸೆಯಾದ ವರ್ಷ ನೀನು ಕಿಗ್ಗದ ದೇವರ ಮುಂದೆ ನಿಂತು, ಇನ್ನು ನೀಲಾಂಬಿಕೆಯ ಹತ್ತಿರ ಮಾತಿಲ್ಲ ಎಂದು ಆಣೆ ಹಾಕಿದೆ. ಬರೆಯುವುದಿಲ್ಲ ಎಂದು ಹಾಕಲಿಲ್ಲ. ಇಪ್ಪತ್ತೆರಡು ವರ್ಷ ಕಳೆದ ಮೇಲೆ ನನಗೆ ಈ ಸಂದು ಕಾಣಿಸಿತು. ಫೋನಿನಲ್ಲಿ ಬರೆದು ಕಳಿಸಿದರೆ ಅದೂ ಮಾತೇ ಎಂದು ನೀನು ಜಗಳ ತೆಗೆಯುತ್ತೀಯ, ನಿನ್ನನ್ನು ನಾನು ಕಾಣದವಳೇ? ಅದಕ್ಕೇ ಅಂಚೆ ಕಚೇರಿಗೆ ಹೋಗಿ ಕವರ್ ತಂದೆ. ಸುಲೋಚನ ಫೋನ್ ಮಾಡಿದಾಗಲೆಲ್ಲ ಮಾತಾಡುತ್ತೇನೆ, ಆದರೆ ನಾನೀಗ ಹೇಳಬೇಕಾದದ್ದು ನಿನ್ನ ಹೆಂಡತಿಗೆ ಹೇಳುವ ವಿಷಯವಲ್ಲ.

ಡಿಸೆಂಬರ್ ಕೊನೆಗೆ ನರ್ಸ್ ಕೆಲಸದಿಂದ ನಿವೃತ್ತಿಯಾದೆ. ಶಾಲು ಹೊದಿಸಿದರು, ಗೋಡೆ ಗಡಿಯಾರ ಕೊಟ್ಟರು. ಕೆಲಸ ಕಿತ್ತುಕೊಂಡು ಗಡಿಯಾರ ಕೊಟ್ಟರೆ ಏನು ಮಾಡುವುದು? ಒಂದು ವಾರ ಅದನ್ನೇ ನೋಡುತ್ತಾ ಕೂತೆ. ಆಮೇಲೆ ಏಣಿ ಹಾಕಿ ಅಟ್ಟ ಹತ್ತಿ ಅಪ್ಪಯ್ಯನ ರಾಜದೂತ ಬೈಕಿನ ಎಂಜಿನ್ ಇಳಿಸಿದೆ. ನಿನ್ನ ಭಾವ ಒಂದು ಕಡೆ ಹಿಡಿದರು, ಪಕ್ಕದ ಮನೆ ಸೀತಕ್ಕ ಇನ್ನೊಂದು ಕಡೆ. ಇಳಿಸಿ ಮುಗಿಯುವಷ್ಟರಲ್ಲಿ ನಿನ್ನ ಭಾವ ಸೊಂಟ ಹಿಡಿದುಕೊಂಡು, ಇದರ ಬದಲು ಒಂದೆಕರೆ ತೋಟ ಕೇಳಬಾರದಿತ್ತಾ ಎಂದರು. ಊರೇ ಕೇಳಿದ ಪ್ರಶ್ನೆ ಅದು.

ನಿನಗೆ ಇವತ್ತು ಉತ್ತರ ಹೇಳುತ್ತೇನೆ. ಅಪ್ಪಯ್ಯ ದನದ ಆಸ್ಪತ್ರೆಯ ಕಾಂಪೌಂಡರ್ ಆಗಿ ಈ ಬೈಕಿನಲ್ಲಿ ಹಳ್ಳಿ ಹಳ್ಳಿ ತಿರುಗುತ್ತಿದ್ದಾಗ, ಭಾನುವಾರ ಅದನ್ನು ಬಿಚ್ಚಿದರೆ ಸ್ಪ್ಯಾನರ್ ಕೊಡುತ್ತಿದ್ದವಳು ನಾನು. ಕಾರ್ಬೊರೇಟರ್ ತೊಳೆಯಲು ನನಗೆ ಕಲಿಸಿದ, ಓಡಿಸಲು ನಿನಗೆ ಕಲಿಸಿದ. ಅಪ್ಪಯ್ಯ ಹೋದ ಮೇಲೆ, ನನಗೂ ಒಮ್ಮೆ ಓಡಿಸಲು ಕೊಡು ಎಂದು ನಿನ್ನ ಹತ್ತಿರ ಎರಡು ಸಲ ಕೇಳಿದೆ. "ಸುಮ್ನಿರು, ಅದೆಲ್ಲ ನಿನ್ನ ಕೈಲಿ ಆಪುದಲ್ಲ" ಅಂದೆ ನೀನು. ಆ ಸಿಟ್ಟಿಗೇ ಹಿಸ್ಸೆಯ ದಿನ ನೆಲ ಬೇಡ, ಬಂಗಾರ ಬೇಡ, ಎಂಜಿನ್ ಕೊಡಿ ಎಂದು ಹಟ ಹಿಡಿದೆ. ಪಂಚಾಯ್ತಿಗೆ ಕೂತವರು ನಕ್ಕು ನಕ್ಕು ಎಂಜಿನ್ ಅಕ್ಕನಿಗೆ, ಚಾಸಿ ತಮ್ಮನಿಗೆ ಎಂದರು. ಅವರು ನಕ್ಕಿದ್ದು ನಿನ್ನನ್ನು ನೋಡಿ ಎಂದು ನಿನಗೆ ಅನಿಸಿತು. ನೀನೇ ಎಂಜಿನ್ ಬಿಚ್ಚಿ, ಮಾರನೆಯ ದಿನ ಗೋಣಿಯಲ್ಲಿ ಕಟ್ಟಿ ತಂದು ನನ್ನ ಕಾಲ ಬುಡದಲ್ಲಿಟ್ಟು, ಸೀದಾ ಕಿಗ್ಗಕ್ಕೆ ಹೋದೆ.

ಈಗ ವ್ಯವಹಾರಕ್ಕೆ ಬರುತ್ತೇನೆ. ಈ ಎಂಜಿನ್ನನ್ನು ನಾನೇ ಬಿಚ್ಚಿ, ನಾನೇ ಕಟ್ಟಿ ಹೊತ್ತಿಸುತ್ತೇನೆ. ಹೊತ್ತಿದರೆ ನೀನು ನಿನ್ನ ಪಾಲಿನ ಚಾಸಿಯನ್ನು ಗಾಲಿ, ಟ್ಯಾಂಕು, ಸೀಟು ಸಮೇತ ಕೊಡಬೇಕು. ಮಳೆ ಹಿಡಿಯುವ ಮೊದಲು ಒಂದೇ ಒಂದು ಸಲ ಹಿರೇಕೊಡಿಗೆಯಿಂದ ಕಿಗ್ಗದವರೆಗೆ ನಾನು ಓಡಿಸಬೇಕು. ಆಮೇಲೆ ಇಡೀ ಬೈಕು ನೀನೇ ಇಟ್ಟುಕೋ. ಚಾಸಿ ಇದೆ ತಾನೇ?

ನೀಲಾಂಬಿಕೆ

*

ಹಿರೇಕೊಡಿಗೆ
2 ಫೆಬ್ರವರಿ 2024

ಶ್ರೀಮತಿ ನೀಲಾಂಬಿಕೆಯವರಿಗೆ,

ತಮ್ಮ ಪತ್ರ ತಲುಪಿತು. ನಾವೆಲ್ಲ ಕ್ಷೇಮ.

ಚಾಸಿ ಎಲ್ಲಿಗೂ ಹೋಗಿಲ್ಲ. ಕೊಟ್ಟಿಗೆಯ ಹಿಂದಿನ ಮಾಡಿನಲ್ಲಿದೆ. ಸದ್ಯ ಸೀಟಿನ ಮೇಲೆ ಒಂದು ಹೇಂಟೆ ಕಾವಿಗೆ ಕೂತಿರುವುದರಿಂದ ಅದನ್ನು ಅಲುಗಾಡಿಸಲು ಬರುವುದಿಲ್ಲ.

ಹಳೆ ಬೈಕಿಗೆ ಈಗ ಬೆಲೆ ಬಂದಿದೆ ಎನ್ನುವುದು ಎಲ್ಲರಿಗೂ ಗೊತ್ತು. ದೀಪಾವಳಿಯ ಹೊತ್ತಿಗೆ ಯಾರೋ ಇಬ್ಬರು ಕಾರಿನಲ್ಲಿ ಬಂದು ಚಾಸಿ ಕೊಡುತ್ತೀರಾ, ಎಂಜಿನ್ ಎಲ್ಲಿದೆ ಎಂದು ವಿಚಾರಿಸಿ ಹೋದರು. ಅವರು ತಮ್ಮ ಮನೆಗೂ ಬಂದಿರಬಹುದು. ಇಪ್ಪತ್ತೆರಡು ವರ್ಷ ನೆನಪಾಗದ ಎಂಜಿನ್ ಈಗ ನೆನಪಾದದ್ದು ಯಾಕೆ ಎಂದು ನಾನು ಕೇಳುವುದಿಲ್ಲ. ಅಪ್ಪಯ್ಯನ ಗಾಡಿ ಮಾರಾಟಕ್ಕೆ ನಾನು ಚಾಸಿ ಕೊಡುವವನಲ್ಲ.

ಎಂಜಿನ್ ಹೊತ್ತಿದರೆ ನೋಡುವ. ಹೊತ್ತಿಸುವುದು ಸುಲಭ ಎಂದು ತಾವು ತಿಳಿದಂತಿದೆ.

ಬಿಚ್ಚುವ ಮುಂಚೆ ಅದನ್ನು ಎರಡು ದಿನ ಒಳ್ಳೆ ಬಿಸಿಲಿನಲ್ಲಿ ಇಡಿ. ಯಾಕೆ ಎಂದು ಕೇಳಬೇಡಿ. ಸುತ್ತಿಗೆ ಮಾತ್ರ ಮುಟ್ಟಬೇಡಿ.

ಇಂತಿ,
ಯೋಗೇಂದ್ರ

*

ನರಸಿಂಹರಾಜಪುರ
13 ಫೆಬ್ರವರಿ 2024

ಯೋಗೇಂದ್ರ,

ನಿನ್ನ ತಾವು ತಮ್ಮ ಎಲ್ಲ ಓದಿ ಖುಷಿಯಾಯಿತು. ಸರ್ಕಾರಿ ನೋಟೀಸು ಕೂಡ ಇದಕ್ಕಿಂತ ಪ್ರೀತಿಯಿಂದ ಬರೆದಿರುತ್ತಾರೆ. ಕೊಡುತ್ತೇನೆ ಎಂದೂ ಇಲ್ಲ, ಕೊಡುವುದಿಲ್ಲ ಎಂದೂ ಇಲ್ಲ, ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ನನ್ನ ಮನೆಗೆ ಯಾವ ಕಾರೂ ಬಂದಿಲ್ಲ. ತಾನು ಕಳ್ಳ, ಪರರ ನಂಬ.

ಬಿಸಿಲಿಗೆ ಇಡಲು ಅದೇನು ಹಪ್ಪಳವೇ? ನಾನು ಇಡಲಿಲ್ಲ. ಸ್ಪ್ಯಾನರ್ ಸೆಟ್ ತಂದವಳೇ ಹಿತ್ತಲ ಜಗಲಿಯಲ್ಲಿ ಚಾಪೆ ಹಾಸಿ ಕೂತೆ. ಹೆಡ್ಡಿನ ಮೊದಲ ನಟ್ಟು ಕಿರ್ ಎಂದು ಸಡಿಲವಾದಾಗ ನನ್ನ ಎದೆ ಹೊಡೆದುಕೊಂಡ ಹಾಗೆ ಮೊದಲ ಹೆರಿಗೆ ಮಾಡಿಸಿದಾಗಲೂ ಹೊಡೆದುಕೊಂಡಿರಲಿಲ್ಲ. ಕೈಗೆ ಎಲ್ಲ ನೆನಪಿತ್ತು ಯೋಗೇಂದ್ರ. ನಟ್ಟುಗಳನ್ನು ಎದುರು ಬದುರು ಸಡಿಲಿಸಬೇಕು, ಒಂದೇ ಕಡೆಯಿಂದ ಬಿಚ್ಚಿದರೆ ಹೆಡ್ಡು ಸೊಟ್ಟಗಾಗುತ್ತದೆ ಎಂದು ಅಪ್ಪಯ್ಯ ಹೇಳುತ್ತಿದ್ದದ್ದು ಕೂಡ ನೆನಪಾಯಿತು. ಹಾಡಿಕೊಂಡು ಬಿಚ್ಚಿದೆ.

ಹೆಡ್ಡು ಎತ್ತಿದರೆ ಒಳಗೆ ಸಿಲಿಂಡರ್ ಕಾಣುವುದೇ ಇಲ್ಲ. ಬಾಯಿ ತನಕ ಹಳದಿ ಬಿಳುಪಿನ ಮೇಣ. ಉಗುರು ಹಾಕಿದರೆ ಉಗುರೇ ಮುರಿಯುವಷ್ಟು ಗಟ್ಟಿ. ಕಾರ್ಬೊರೇಟರ್ ಕೂರುವ ಬಾಯಿಯಲ್ಲಿ ಮೇಣ, ಸೈಲೆನ್ಸರ್ ಬಾಯಿಯಲ್ಲಿ ಮೇಣ. ಕಿಕ್ ಒತ್ತಿದರೆ ಕಲ್ಲಿನ ಮೇಲೆ ಕಾಲಿಟ್ಟ ಹಾಗೆ, ಒಂದು ಕೂದಲೆಳೆ ಕದಲುವುದಿಲ್ಲ. ನಿನ್ನ ಭಾವ ಬಗ್ಗಿ ನೋಡಿ, ಇದನ್ನು ಬೇಕು ಅಂತಲೇ ಸುರಿದದ್ದು ಎಂದರು.

ಎಂಜಿನ್ ಬಿಚ್ಚಿ ಗೋಣಿಯಲ್ಲಿ ಕಟ್ಟಿದವನು ನೀನು. ನನ್ನ ಮನೆಯಲ್ಲಿ ಇದನ್ನು ಯಾರೂ ಮುಟ್ಟಿಲ್ಲ. ನನಗೆ ಸಿಗಬಾರದು ಎಂದು ಇಷ್ಟು ಮಾಡಿದೆಯಾ? ನನ್ನ ಹತ್ತಿರ ಬಾಯಿ ಮುಚ್ಚಿಕೊಂಡಿದ್ದು ಸಾಲದು ಎಂದು ಎಂಜಿನ್ನಿನ ಬಾಯಿಯನ್ನೂ ಮುಚ್ಚಿ ಕೊಟ್ಟೆಯಲ್ಲ. ಮಾತು ಬಿಟ್ಟದ್ದಕ್ಕೆ ನನಗೆ ಬೇಜಾರಿತ್ತು, ಸಿಟ್ಟಿರಲಿಲ್ಲ. ಇವತ್ತು ಸಿಟ್ಟು ಬಂದಿದೆ. ಎತ್ತಿಕೊಂಡು ಹೋಗಿ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಬಿಸಾಡಿಸಿದ್ದೇನೆ.

ಚಾಸಿಯ ಮೇಲೆ ನಿನ್ನ ಕೋಳಿ ಸುಖವಾಗಿ ಮರಿ ಮಾಡಲಿ.

ನೀಲಾಂಬಿಕೆ

*

ನರಸಿಂಹರಾಜಪುರ
19 ಮಾರ್ಚ್ 2024

ಯೋಗೇಂದ್ರ,

ನಿನ್ನಿಂದ ಉತ್ತರ ಬರಲಿಲ್ಲ. ನಾನು ನೀನಾಗಿದ್ದರೆ ನಾನೂ ಬರೆಯುತ್ತಿರಲಿಲ್ಲ. ಈ ಕಾಗದವನ್ನು ಹರಿಯಬೇಡ, ಪೂರ್ತಿ ಓದು.

ಒಗೆಯುವ ಕಲ್ಲಿನ ಪಕ್ಕ ಎಂಜಿನ್ ಬಿದ್ದುಕೊಂಡಿತ್ತು. ದಿನಾ ಬಟ್ಟೆ ಒಗೆಯುವಾಗ ಅದಕ್ಕೆ ಬೆನ್ನು ಹಾಕಿ ನಿಲ್ಲುತ್ತಿದ್ದೆ. ಈ ವಾರ ಬಿಸಿಲು ಹೇಗಿದೆ ಎಂದರೆ ಅಂಗಳಕ್ಕೆ ಕಾಲಿಡಲು ಆಗುವುದಿಲ್ಲ. ಶನಿವಾರ ಮಧ್ಯಾಹ್ನ ಊಟ ಮಾಡಿ ಎಲೆ ಎಸೆಯಲು ಹೋದರೆ ಬೀದಿ ನಾಯಿ ಎಂಜಿನ್ ನೆಕ್ಕುತ್ತಿದೆ. ಕೆಳಗೆ ಎಣ್ಣೆಯ ಮಡು. ಓಡಿಸಲು ಕೋಲು ತೆಗೆದುಕೊಂಡೆ, ಅಷ್ಟರಲ್ಲಿ ಬೇಲಿಯಾಚೆಯಿಂದ ಸೀತಕ್ಕ ಬಂದಳು. ಬಗ್ಗಿ ಬೆರಳು ಅದ್ದಿ ಮೂಸಿದಳು. "ಇದೆಂತ ಮೇಣವೇ, ನಿಂಗೆ ಮೂಗಿಲ್ಲವಾ? ಉಪ್ಪಾಗೆ ತುಪ್ಪ ಅಲ್ದಾ ಇದು" ಅಂದಳು.

ಉಪ್ಪಾಗೆ ತುಪ್ಪ, ಯೋಗೇಂದ್ರ. ಕಾಡಿನ ಉಪ್ಪಾಗೆ ಹಣ್ಣಿನ ಬೀಜ ಬೇಯಿಸಿ ಅಮ್ಮ ತೆಗೆಯುತ್ತಿದ್ದದ್ದು. ಚಳಿಗೆ ಕಲ್ಲಿನ ಹಾಗೆ ಹೆಪ್ಪುಗಟ್ಟುವ, ಹಿಮ್ಮಡಿ ಒಡೆದರೆ ನಮ್ಮ ಕಾಲಿಗೆ ಹಚ್ಚುತ್ತಿದ್ದ ಅದೇ ತುಪ್ಪ. ನನ್ನ ಮೂಗಿನ ಕೆಳಗೇ ಇತ್ತು, ಸಿಟ್ಟಿನಲ್ಲಿ ವಾಸನೆಯೂ ಹತ್ತಲಿಲ್ಲ.

ಎಂಜಿನ್ನನ್ನು ಇನ್ನಷ್ಟು ಬಿಸಿಲಿಗೆ ಎಳೆದು ಮಗ್ಗುಲು ತಿರುಗಿಸಿದೆವು. ಗಳಗಳ ಎಂದು ಇಳಿಯಿತು. ಸಂಜೆ ಹೊತ್ತಿಗೆ ಕಿಕ್ಕಿಗೆ ಬರೀ ಕೈ ಹಾಕಿ ಒತ್ತಿದೆ. ಪಿಸ್ಟನ್ ಮೆಲ್ಲಗೆ ಕೆಳಗೆ ಹೋಯಿತು, ಮತ್ತೆ ಮೇಲೆ ಬಂತು. ನಾನು ಸೀತಕ್ಕನ ಕೈ ಹಿಡಿದು ಕುಣಿದೆ, ಅವಳಿಗೆ ಏನಾಯಿತು ಎಂದೇ ಗೊತ್ತಾಗಲಿಲ್ಲ. ಬಟ್ಟೆಯಲ್ಲಿ ಒರೆಸಿ ನೋಡಿದರೆ ಸಿಲಿಂಡರಿನ ಒಳಗೋಡೆ ಕನ್ನಡಿಯ ಹಾಗಿದೆ, ನನ್ನ ಮೂಗು ಕಾಣಿಸುತ್ತದೆ. ಈ ಊರಿನ ಮಳೆಗೆ ಬಾಗಿಲ ಚಿಲಕ ಮೂರು ವರ್ಷಕ್ಕೆ ತುಕ್ಕು ಹಿಡಿದು ಬೀಳುತ್ತದೆ. ಇಪ್ಪತ್ತೆರಡು ಮಳೆಗಾಲ ಅಟ್ಟದಲ್ಲಿದ್ದ ಎಂಜಿನ್ನಿಗೆ ಒಂದು ಚುಕ್ಕೆ ತುಕ್ಕಿಲ್ಲ.

ಬಿಸಿಲಿಗೆ ಇಡಿ, ಯಾಕೆ ಎಂದು ಕೇಳಬೇಡಿ ಎಂದು ನೀನು ಬರೆದಿದ್ದೆ. ನಾನು ಹಪ್ಪಳವೇ ಎಂದು ಕೇಳಿದೆ. ಆಮೇಲೆ ಕೈಲಿರುವ ಸೌಟಿನಲ್ಲೇ ಹೊಡೆದ ಹಾಗೆ ಆ ಕಾಗದ ಬರೆದೆ. ನನಗೆ ನಾಚಿಕೆಯಾಗುತ್ತಿದೆ. ಎರಡು ದಿನದಿಂದ ಸರಿಯಾಗಿ ಊಟ ಸೇರಿಲ್ಲ.

ಸುರಿದದ್ದು ನೀನೇ ಅಲ್ಲವಾ? ಹೌದು ಎಂದೋ ಅಲ್ಲ ಎಂದೋ ಒಂದು ಕಾರ್ಡ್ ಹಾಕು. ಮತ್ತೇನೂ ಬರೆಯದಿದ್ದರೂ ಅಡ್ಡಿಯಿಲ್ಲ.

ನಿನ್ನ ಅಕ್ಕ

*

ಹಿರೇಕೊಡಿಗೆ
27 ಮಾರ್ಚ್ 2024

ಹೌದು.

ಇಷ್ಟಕ್ಕೇ ನಿಲ್ಲಿಸಬೇಕು ಎಂದುಕೊಂಡಿದ್ದೆ. ಸುಲೋಚನ ಬಿಡಲಿಲ್ಲ. ಒಂದು ಶಬ್ದಕ್ಕೆ ಇಡೀ ಕವರ್ ಹಾಳು ಮಾಡುತ್ತೀರಾ ಎಂದಳು.

ನಿನ್ನ ಹಿಂದಿನ ಕಾಗದ ಬಂದ ದಿನ ನಾನು ಕೊಟ್ಟಿಗೆಗೆ ಹೋಗಿ ಕೂತವನು ಕತ್ತಲಾದ ಮೇಲೆ ಒಳಗೆ ಬಂದೆ. ಅದರ ವಿಷಯ ಇನ್ನು ಬೇಡ.

ಹಿಸ್ಸೆಯ ದಿನ ಸಂಜೆ ಎಂಜಿನ್ ಬಿಚ್ಚಿ ಇಟ್ಟಾಗ ನನಗೆ ನಿನ್ನ ಮೇಲೆ ಕೊಲ್ಲುವಷ್ಟು ಸಿಟ್ಟಿತ್ತು. ಆದರೆ ಅದು ಅಪ್ಪಯ್ಯನ ಎಂಜಿನ್. ನಿನ್ನ ಅಟ್ಟ ಹೇಗೆ ಸೋರುತ್ತದೆ ಎನ್ನುವುದು ನನಗೆ ಗೊತ್ತಿತ್ತು. ಮನೆಯಲ್ಲಿ ಗ್ರೀಸ್ ಇರಲಿಲ್ಲ. ಮಣ್ಣಿನ ಮರಿಗೆಯಲ್ಲಿ ಅಮ್ಮ ವರ್ಷಕ್ಕಾಗುವಷ್ಟು ತುಪ್ಪ ಇಟ್ಟಿದ್ದಳು. ಕಾಯಿಸಿ ಪ್ಲಗ್ಗಿನ ತೂತಿನಿಂದ ಸುರಿದೆ. ತುಂಬಲಿಲ್ಲ, ಮತ್ತೆ ಸುರಿದೆ. ಒಂದು ಚಮಚ ಸಾಕಾಗಿತ್ತು ಎಂದು ಆಮೇಲೆ ಯಾರೋ ಮೆಕ್ಯಾನಿಕ್ ಹೇಳಿದರು. ಆಗ ನನಗೆ ಅಷ್ಟು ತಿಳಿದಿರಲಿಲ್ಲ, ಇಡೀ ಮರಿಗೆ ಖಾಲಿ ಮಾಡಿದೆ. ಅಮ್ಮ ಬೆಕ್ಕಿಗೆ ಹೊಡೆದಳು. ಆ ಚಳಿಗಾಲ ಮನೆಯವರದ್ದೆಲ್ಲ ಹಿಮ್ಮಡಿ ಒಡೆದು ಕುಂಟಿಕೊಂಡು ಓಡಾಡಿದೆವು. ಸುಲೋಚನಗೆ ಇವತ್ತು ಗೊತ್ತಾಯಿತು, ಈಗ ಅಡಿಗೆಮನೆಯಿಂದ ಬೈಯುತ್ತಿದ್ದಾಳೆ.

ನಿನ್ನ ಮೇಲಿನ ಪ್ರೀತಿಗೆ ಸುರಿದದ್ದು ಎಂದು ಉಬ್ಬಬೇಡ. ಎಂಜಿನ್ ಮೇಲಿನ ಪ್ರೀತಿಗೆ.

ಈಗ ಕೆಲಸದ ವಿಷಯ. ತುಪ್ಪ ಪೂರ್ತಿ ಹೋಗಲು ಸೀಮೆಎಣ್ಣೆಯಲ್ಲಿ ಎರಡು ಮೂರು ಸಲ ತೊಳೆ. ರಬ್ಬರಿನ ಆಯಿಲ್ ಸೀಲುಗಳೆಲ್ಲ ಉಬ್ಬಿರುತ್ತವೆ, ಹಳೆಯದು ಒಂದನ್ನೂ ಹಾಕಬೇಡ. ಸೀಲು ಗಾಳಿ ಎಳೆದರೆ ಎಷ್ಟು ಕಿಕ್ ಹೊಡೆದರೂ ಹೊತ್ತುವುದಿಲ್ಲ. ಕನೆಕ್ಟಿಂಗ್ ರಾಡ್ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ ನೋಡು, ಟಕ್ ಟಕ್ ಅಂದರೆ ಬೇರಿಂಗ್ ಹೋಗಿದೆ. ಅಪ್ಪಯ್ಯನ ಕೊನೆಯ ದಿನಗಳಲ್ಲೇ ಸದ್ದು ಬರುತ್ತಿತ್ತು. ಕೊಪ್ಪದಲ್ಲಿ ಲೇಥ್ ಶೇಷಪ್ಪ ಅಂತ ಇದ್ದಾನೆ, ಬಾಯಿ ಜೋರು, ಕೆಲಸ ನಂಬಬಹುದು.

ಕೋಳಿ ಮರಿಗಳನ್ನು ಇಳಿಸಿಕೊಂಡು ಹೋಯಿತು. ಸೀಟು ತೊಳೆದಿದ್ದೇನೆ.

ಯೋಗೇಂದ್ರ

*

ನರಸಿಂಹರಾಜಪುರ
16 ಏಪ್ರಿಲ್ 2024

ಯೋಗೇಂದ್ರ, ಹೊತ್ತಿತು ಮಾರಾಯ, ಹೊತ್ತಿತು.

ಕೈಯ ಎಣ್ಣೆಯನ್ನೂ ಒರೆಸದೆ ಬರೆಯಲು ಕೂತಿದ್ದೇನೆ, ಅಕ್ಷರ ಸೊಟ್ಟ ಬಂದರೆ ಸುಧಾರಿಸಿಕೊಂಡು ಓದು. ಮೊದಲಿನಿಂದ ಹೇಳದಿದ್ದರೆ ನನಗೆ ಸಮಾಧಾನವಿಲ್ಲ.

ರಾಡು ಅಲ್ಲಾಡಿಸಿದರೆ ನೀನು ಹೇಳಿದ ಹಾಗೇ ಟಕ್ ಟಕ್. ಸಿಲಿಂಡರನ್ನು ಚೀಲಕ್ಕೆ ಹಾಕಿ, ಕ್ರ್ಯಾಂಕನ್ನು ಹಳೆ ಸೀರೆಯಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ಕೊಪ್ಪದ ಬಸ್ಸು ಹತ್ತಿದೆ. ಪಕ್ಕದಲ್ಲಿ ಕೂತ ಹೆಂಗಸು ಎಷ್ಟು ತಿಂಗಳ ಮಗು ಎಂದು ಕೇಳಿ, ಸೀರೆ ಸರಿಸಿ ನೋಡಿ ಬೇರೆ ಸೀಟಿಗೆ ಹೋದಳು. ನಿನ್ನ ಶೇಷಪ್ಪ ನನ್ನನ್ನು ನೋಡಿ, ಯಾವ ಮೆಕ್ಯಾನಿಕ್ ಕಳಿಸಿದ್ದು ಅಮ್ಮ ಎಂದ. ನಾನೇ ಎಂದೆ. ನಂಬಲಿಲ್ಲ. ಆಮೇಲೆ ಅವನು ಬೇರಿಂಗ್ ಕೂರಿಸುವಾಗ ನಾನು ಪಕ್ಕದಲ್ಲಿ ನಿಂತು ಅದು ಓರೆಯಾಗುತ್ತಿದೆ, ಇದು ಬಿಗಿಯಾಗಿದೆ ಎಂದು ತಲೆ ತಿಂದದ್ದಕ್ಕೆ ಒಂದು ಸ್ಟೂಲ್ ಕೊಟ್ಟು ದೂರ ಕೂರಿಸಿದ. ಸಿಲಿಂಡರನ್ನು ಮಾತ್ರ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ. ಬೋರ್ ಮಾಡಿಸಿ ಒಳಗೋಡೆ ಹೆರೆಸುವ ಅಗತ್ಯವೇ ಇಲ್ಲ, ಹೊಸ ರಿಂಗ್ ಸಾಕು, ಇದನ್ನು ಹೀಗೆ ಇಟ್ಟವರು ಯಾರು ಎಂದು ಕೇಳಿದ. ನನ್ನ ತಮ್ಮ ಎಂದೆ. ಬಾಯ್ತುಂಬ ಹೇಳಿದೆ.

ಮನೆಗೆ ಬಂದು ಕಟ್ಟುವಾಗ ಸಿಲಿಂಡರಿನ ಕೆಳಗೆ ಹಾಕುವ ಗ್ಯಾಸ್ಕೆಟ್ ಇರಲಿಲ್ಲ. ದಪ್ಪ ಕಾಗದ ಹುಡುಕಿದೆ. ಟ್ರಂಕಿನಲ್ಲಿ ನಿನ್ನ ಮಗಳು ದಿವ್ಯಳ ಮದುವೆಯ ಕರೆಯೋಲೆ ಸಿಕ್ಕಿತು. ಎಂಥ ಒಳ್ಳೆ ರಟ್ಟು. ಅದನ್ನೇ ಇಟ್ಟು, ಗೆರೆ ಎಳೆದು, ಹೆಸರು ಇರುವ ಜಾಗ ಬಿಟ್ಟು ಕತ್ತರಿಸಿದೆ. ಆ ಮದುವೆಗೆ ಕರೆಯಲು ನೀನು ಬರಲಿಲ್ಲ, ಸುಲೋಚನ ಕುಂಕುಮ ಹಿಡಿದು ಬಂದಳು. ನಾನು ಬಂದು ಕೊನೆಯ ಪಂಕ್ತಿಯಲ್ಲಿ ಕೂತೆ. ನೀನು ಪಾಯಸದ ಬಕೆಟ್ ಹಿಡಿದು ಬಂದು, ಮುಖ ನೋಡದೆ, ನನ್ನ ಎಲೆಗೆ ಎರಡು ಸೌಟು ಬಡಿಸಿದೆ. ಪಕ್ಕದವರಿಗೆ ಒಂದೇ. ನನಗೆ ಅವತ್ತು ಅದು ಕಂಡಿತ್ತು, ಹೇಳಲು ದಾರಿ ಇರಲಿಲ್ಲ.

ಇವತ್ತು ಬೆಳಿಗ್ಗೆ ಹಲಸಿನ ಹಲಗೆಗೆ ಎಂಜಿನ್ ಬಿಗಿದೆವು. ಪೆಟ್ರೋಲ್ ಟ್ಯಾಂಕ್ ನಿನ್ನ ಹತ್ತಿರ ಇದೆಯಲ್ಲ, ನಾನು ಗ್ಲೂಕೋಸ್ ಬಾಟಲಿಯಲ್ಲಿ ಆಯಿಲ್ ಬೆರೆಸಿದ ಪೆಟ್ರೋಲ್ ತುಂಬಿ ಬಟ್ಟೆ ಒಣಹಾಕುವ ತಂತಿಗೆ ನೇತು ಹಾಕಿದೆ. ಡ್ರಿಪ್ಪಿನ ನಳಿಗೆ ಸೀದಾ ಕಾರ್ಬೊರೇಟರಿಗೆ. ನಾನು ಜೀವನದಲ್ಲಿ ಎಷ್ಟೋ ಜನಕ್ಕೆ ಡ್ರಿಪ್ ಹಾಕಿದ್ದೇನೆ, ಇಷ್ಟು ಆಸೆಯಿಂದ ಯಾವ ರೋಗಿಯ ಮುಖವನ್ನೂ ನೋಡಿರಲಿಲ್ಲ. ನನ್ನ ಮಂಡಿಗೆ ಕಿಕ್ ಹೊಡೆಯುವ ಶಕ್ತಿ ಇಲ್ಲ, ನಿನ್ನ ಭಾವ ಹೊಡೆದರು. ಮೊದಲು ಏನೂ ಇಲ್ಲ. ಮತ್ತೆ ಹೊಡೆದರು, ಚಪ್ಪಲಿ ಹಾರಿ ಬಾವಿಕಟ್ಟೆಗೆ ಬಿತ್ತು. ಇನ್ನು ನನ್ನ ಕೈಲಾಗದು ಎಂದವರು ಕೊನೆಗೊಂದು ಎಂದು ಹೊಡೆದರು ನೋಡು, ಟರ್ರ್ ಎಂದು ಹಿಡಿದುಕೊಂಡಿತು. ಅದೇ ಸದ್ದು. ಸಂಜೆ ಗೇಟಿನ ಹತ್ತಿರ ಅಪ್ಪಯ್ಯ ಬಂದ ಎಂದು ನಾವಿಬ್ಬರೂ ಓಡುತ್ತಿದ್ದೆವಲ್ಲ, ಅದೇ. ನಾನು ಅತ್ತೆ, ಸೀತಕ್ಕನೂ ಸುಮ್ಮನೆ ಅತ್ತಳು.

ಹೊಗೆಯ ವಾಸನೆ ಹೇಳಬೇಕು ನಿನಗೆ. ಎಲ್ಲೋ ಮೂಲೆಯಲ್ಲಿ ತುಪ್ಪ ಉಳಿದಿತ್ತು ಕಾಣುತ್ತದೆ, ಇಡೀ ಬೀದಿಗೆ ಹೋಳಿಗೆ ಬೇಯಿಸಿದ ಪರಿಮಳ. ಎರಡು ಮನೆಯವರು ಬಂದು ಏನು ವಿಶೇಷ ಎಂದು ಕೇಳಿದರು.

ಈಗ ನಿನ್ನ ಉತ್ತರ ಬೇಕು. ಚಾಸಿ ಕೊಡುತ್ತೀಯಾ?

ಅಕ್ಕ

*

ಹಿರೇಕೊಡಿಗೆ
24 ಏಪ್ರಿಲ್ 2024

ಎಂಜಿನ್ನಿನ ಯಜಮಾನಿಗೆ,

ಕಾಗದವನ್ನು ಸುಲೋಚನ ಜೋರಾಗಿ ಓದಿದಳು, ನಾನು ಕೇಳಿದೆ. ಆಮೇಲೆ ನಾನೇ ಇನ್ನೊಂದು ಸಲ ಓದಿದೆ. ಹೊತ್ತಿದ ಜಾಗವನ್ನು ಮಾತ್ರ ಇನ್ನೂ ಕೆಲವು ಸಲ ಓದಿರಬಹುದು.

ಕೊಡುತ್ತೇನೆ. ಮಾರುವ ಮಾತು ಬರೆದದ್ದನ್ನು ವಾಪಸ್ ತೆಗೆದುಕೊಂಡಿದ್ದೇನೆ. ಚಾಸಿಗೆ ಹೊಸ ಟೈರು ಹಾಕಿಸಿದ್ದೇನೆ, ಬ್ರೇಕ್ ಕೇಬಲ್, ಕ್ಲಚ್ ಕೇಬಲ್ ಎರಡೂ ಹೊಸದು. ಟ್ಯಾಂಕಿನ ಒಳಗೆ ಜಲ್ಲಿ ಹಾಕಿ ಕುಲುಕಿ ಕುಲುಕಿ ತುಕ್ಕು ತೆಗೆದೆ. ಮಗಳ ಮದುವೆಗೂ ನೀವು ಇಷ್ಟು ಓಡಾಡಿದ್ದಿಲ್ಲ ಎಂದು ಸುಲೋಚನ ಹೇಳುತ್ತಾಳೆ. ಇರಲಿ, ಅವಳಿಗೆ ಹೊಟ್ಟೆಕಿಚ್ಚು.

ಎಂಜಿನ್ನನ್ನು ಗೂಡ್ಸ್ ಆಟೋದಲ್ಲಿ ಇಲ್ಲಿಗೆ ತಾ. ನಮ್ಮ ಅಂಗಳದಲ್ಲಿ ಕೂರಿಸುವ. ಆದರೆ ಒಂದು ವಿಷಯ ಈಗಲೇ ಬರೆದು ತಿಳಿಸುತ್ತೇನೆ, ಬಂದ ಮೇಲೆ ಬೇಜಾರು ಮಾಡಿಕೊಳ್ಳಬಾರದು. ನಾನು ಮಾತಾಡುವುದಿಲ್ಲ. ಸಿಟ್ಟಿನಿಂದಲ್ಲ. ದೇವರ ಮುಂದೆ ಹಾಕಿದ ಆಣೆಯನ್ನು ನಮಗೆ ಬೇಕಾದಾಗ ತೆಗೆದು ಮೂಲೆಗಿಡಲು ಬರುವುದಿಲ್ಲ. ಇಷ್ಟು ವರ್ಷ ಹಿಡಿದದ್ದನ್ನು ಬಿಡುವುದು ಹೇಗೆ ಎಂದು ನನಗೆ ಗೊತ್ತಾಗುತ್ತಿಲ್ಲ.

ಇನ್ನೊಂದು. ಕಿಗ್ಗದ ಏರು ಹತ್ತಬೇಕಾದರೆ ಎಂಜಿನ್ನಿಗೆ ಎಳೆತ ಬೇಕು. ಟೈಮಿಂಗ್ ಈಗಿರುವುದಕ್ಕಿಂತ ಮುಂದಿಡು. ಕಿಡಿ ಸ್ವಲ್ಪ ಬೇಗ ಹಾರಿದರೆ ಜೋರು ಜಾಸ್ತಿ. ಇದು ನನ್ನ ಅನುಭವ.

ಯೋಗೇಂದ್ರ

*

ನರಸಿಂಹರಾಜಪುರ
30 ಏಪ್ರಿಲ್ 2024

ಯೋಗೇಂದ್ರ,

ಭಾನುವಾರ ಬೆಳಿಗ್ಗೆ ಬರುತ್ತೇನೆ. ಊಟಕ್ಕೆ ಉಪ್ಪಿನಲ್ಲಿಟ್ಟ ಕಳಲೆಯ ಪಲ್ಯ ಇದ್ದರೆ ಒಳ್ಳೆಯದು ಎಂದು ಸುಲೋಚನಗೆ ಹೇಳಿದ್ದೇನೆ.

ಟೈಮಿಂಗ್ ನೀನು ಹೇಳಿದ ಹಾಗೆ ಮುಂದಿಟ್ಟೆ. ಅಪ್ಪಯ್ಯ ಗೀರಿದ ಗುರುತಿಗಿಂತ ತುಂಬ ಮುಂದಾಯಿತು ಎಂದು ನನಗೆ ಅನಿಸುತ್ತದೆ. ಆದರೆ ನಿನಗೆ ಅನುಭವ ಇದೆಯಂತಲ್ಲ. ಒಂದು ಸಲ ತಮ್ಮನ ಮಾತು ಕೇಳಿ ನೋಡುವ ಎಂದುಕೊಂಡೆ.

ನೀನು ಮಾತಾಡುವುದು ಬೇಡ. ಹದಿಮೂರರ ಸ್ಪ್ಯಾನರ್ ಕೇಳಿದಾಗ ಕೊಟ್ಟರೆ ಸಾಕು.

ಅಕ್ಕ

*

ಹಿರೇಕೊಡಿಗೆ
8 ಮೇ 2024

ಅಕ್ಕನಿಗೆ,

ಮೊಣಕೈ ಹೇಗಿದೆ? ಊತ ಇಳಿಯಿತಾ? ಸುಲೋಚನ ಫೋನಿನಲ್ಲಿ ಕೇಳಿ ಹೇಳಿದಳು, ನನಗೆ ಸಮಾಧಾನವಾಗಲಿಲ್ಲ.

ನೀನು ಊರೆಲ್ಲ ಆಣೆ ಮುರಿದದ್ದು ಯೋಗೇಂದ್ರ ಎಂದು ಹೇಳಿಕೊಂಡು ತಿರುಗುತ್ತಿದ್ದೀಯ ಎಂದು ತಿಳಿಯಿತು. ಅದಕ್ಕೆ ನನ್ನ ವಿವರಣೆ ಬರೆಯುತ್ತಿದ್ದೇನೆ.

ಬೆಳಿಗ್ಗೆಯಿಂದ ಮೂರು ಗಂಟೆಯವರೆಗೆ ನಾನು ನಿನ್ನ ಹತ್ತಿರ ಒಂದಕ್ಷರ ಆಡಿಲ್ಲ. ಇದಕ್ಕೆ ಭಾವ ಸಾಕ್ಷಿ. ಮಾತಾಡಿದ್ದು ಕಂಬದ ಹತ್ತಿರ. "ಎಂಜಿನ್ ಇನ್ನೂ ಒಂಚೂರು ಎತ್ತಿದ್ರೆ ಬೋಲ್ಟು ಕೂರ್ತದೆ ಕಂಬವೇ" ಅಂದೆ. ನೀನು ಬೆಕ್ಕಿನ ಹತ್ತಿರ ಮಾತಾಡಿದೆ. "ಎತ್ತಿದ್ದು ಸಾಕಲ್ದಾ, ಕಣ್ಣು ಕಾಣದವರಿಗೆ ಎಂತ ಹೇಳೂದು" ಎಂದು ಬೆಕ್ಕಿಗೆ ಕೇಳಿದ್ದು ನೀನು. ಚೈನ್ ಹಾಕುವ ಹೊತ್ತಿಗೆ ಕಂಬಕ್ಕೂ ಬೆಕ್ಕಿಗೂ ದೊಡ್ಡ ಜಗಳವೇ ಆಗಿ ಬೆಕ್ಕು ಎದ್ದು ಹೋಯಿತು, ನೀನು ಒಲೆಯ ಮುಂದಿದ್ದ ಸುಲೋಚನಗೆ ಹೇಳಲು ಶುರು ಮಾಡಿದೆ. ಇಷ್ಟೆಲ್ಲ ಆದರೂ ನಾನು ಆಣೆ ಬಿಟ್ಟಿಲ್ಲ. ನಿಜ ಬರೆಯಬೇಕೆಂದರೆ, ನನ್ನ ಜೀವನದಲ್ಲಿ ಅಷ್ಟು ಖುಷಿಯ ದಿನ ಕಳೆದು ಬಹಳ ವರ್ಷವಾಗಿತ್ತು.

ಆಮೇಲೆ ನಡೆದದ್ದು ಎಂಜಿನ್ನಿನ ತಪ್ಪು. ಒಪ್ಪುತ್ತೇನೆ, ಟೈಮಿಂಗ್ ಅಷ್ಟು ಮುಂದಿಡಬಾರದಿತ್ತು. ನಾನು ಕಿಕ್ ಹೊಡೆದಾಗ ಅದು ವಾಪಸ್ ನನ್ನ ಕಾಲಿಗೇ ಹೊಡೆಯಿತು, ಆಮೇಲೆ ಹೊತ್ತಿಕೊಂಡಿತು. ಈ ಟೂ ಸ್ಟ್ರೋಕ್ ಎಂಜಿನ್ನಿಗೆ ಬಲ ಎಡ ಎರಡೂ ಒಂದೇ. ಉಲ್ಟಾ ತಿರುಗಿಯೂ ಹೊತ್ತುತ್ತದೆ, ಸದ್ದಿನಲ್ಲಿ ಏನೂ ಗೊತ್ತಾಗುವುದಿಲ್ಲ. ಶೇಷಪ್ಪನನ್ನು ಕೇಳಿದೆ, ಹೊಟ್ಟೆ ಹಿಡಿದುಕೊಂಡು ನಕ್ಕ. ನೀನು ಸೆರಗು ಸಿಕ್ಕಿಸಿಕೊಂಡು, ಹ್ಯಾಂಡಲ್ ಹಿಡಿದು, ಅಪ್ಪಯ್ಯನ ಹಾಗೇ ಬೆನ್ನು ನೆಟ್ಟಗೆ ಮಾಡಿ ಕೂತೆ. ಫಸ್ಟ್ ಗೇರ್ ಹಾಕಿದೆ. ಕ್ಲಚ್ ಬಿಟ್ಟೆ. ಎಲ್ಲರೂ ಗೇಟಿನ ಕಡೆ ನೋಡುತ್ತಿದ್ದೇವೆ, ನೀನು ಬಾವಿಯ ಕಡೆ ಹೋಗುತ್ತಿದ್ದೀಯ. ಮುಖ ಈ ಕಡೆ, ಸವಾರಿ ಆ ಕಡೆ. ಬೈಕು ಹಿಂದಕ್ಕೆ ಓಡುವುದನ್ನು ನಮ್ಮ ಅಂಗಳದಲ್ಲಿ ಯಾರೂ ನೋಡಿರಲಿಲ್ಲ.

ನಾನು "ಅಕ್ಕಾ, ಕ್ಲಚ್ ಹಿಡಿಯೇ, ಅಕ್ಕಾ" ಎಂದು ಕೂಗಿದ್ದು ಹೌದು. ಅದು ಮಾತಲ್ಲ, ಕೂಗು. ಬಾವಿಗೆ ಬೀಳುವವರನ್ನು ಕಂಬಕ್ಕೆ ಹೇಳಿ ನಿಲ್ಲಿಸಲು ಆಗುತ್ತದಾ? ಭಾವ ಇದನ್ನು ಒಪ್ಪಿದರು. ಸುಲೋಚನ ಒಪ್ಪಲಿಲ್ಲ. ಎರಡು ಸಲ ಅಕ್ಕ ಅಂದಿದ್ದೀರಿ, ಇನ್ನು ಆಣೆಯ ಜಂಬ ಸಾಕು ಎಂದಳು. ನೀನು ಬಾವಿ ತಪ್ಪಿ ದರಗಿನ ರಾಶಿಗೆ ಹೋಗಿ ಬಿದ್ದದ್ದು ನಮ್ಮ ಪುಣ್ಯ. ಕೊಟ್ಟಿಗೆಗೆ ಹಾಸಲು ಒಣ ಎಲೆ ತಂದು ಹಾಕಿದ್ದು ಹಿಂದಿನ ದಿನವಷ್ಟೇ. ಎಲೆಯ ಅಡಿಯಿಂದ ನಿನ್ನನ್ನು ಎಳೆದು ತೆಗೆಯುವಾಗ ನೀನು ನಗುತ್ತಿದ್ದೆಯೋ ಅಳುತ್ತಿದ್ದೆಯೋ ನನಗೆ ಗೊತ್ತಾಗಲಿಲ್ಲ. ಸೀದಾ ಆಟೋ ಹತ್ತಿ ಹೋಗಿಬಿಟ್ಟೆ.

ಮೊನ್ನೆ ಕಿಗ್ಗಕ್ಕೆ ಹೋಗಿ ಭಟ್ಟರನ್ನು ಕೇಳಿದೆ. ಇಬ್ಬರೂ ಬಂದು ಕಾಣಿಕೆ ಹಾಕಿ ತಪ್ಪಾಯಿತು ಎಂದರೆ ಮುಗಿಯಿತು, ಇಷ್ಟಕ್ಕೆ ಇಪ್ಪತ್ತೆರಡು ವರ್ಷ ಕಾದಿರಾ ಎಂದರು. ಇಷ್ಟು ಸುಲಭ ಎಂದು ನನಗೆ ಯಾರೂ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಬೈಕಿಗೆ ಏನೂ ಆಗಿಲ್ಲ, ಹಿಂದಿನ ಮಡ್‌ಗಾರ್ಡ್ ಸ್ವಲ್ಪ ನೆಗ್ಗಿದೆ. ನನಗೆ ಒಂದೇ ಅರ್ಥವಾಗುತ್ತಿಲ್ಲ. ಎಂಜಿನ್ನಿನ ಒಳಗೆಲ್ಲ ತಿಳಿದವಳು ನೀನು. ನಾನು ಅಷ್ಟು ಕೂಗಿದರೂ ಕ್ಲಚ್ ಯಾಕೆ ಹಿಡಿಯಲಿಲ್ಲ?

ನಿನ್ನ ತಮ್ಮ
ಯೋಗೇಂದ್ರ

*

ನರಸಿಂಹರಾಜಪುರ
13 ಮೇ 2024

ಯೋಗೇಂದ್ರ,

ಊತ ಇಳಿದಿದೆ. ಶಾಲು ಕೊಟ್ಟು ಕಳಿಸಿದ ಆಸ್ಪತ್ರೆಗೇ ಹೋಗಿ ಬ್ಯಾಂಡೇಜ್ ಹಾಕಿಸಿಕೊಂಡೆ. ಹೇಗಾಯಿತು ಎಂದು ಕೇಳಿದರು. ಬೈಕಿನಿಂದ ಬಿದ್ದೆ ಎಂದೆ. ಹಾಗೆ ಹೇಳಲು ಎಷ್ಟು ಹೆಮ್ಮೆಯಾಯಿತು ಗೊತ್ತಾ?

ಭಾನುವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಬರುತ್ತೇನೆ. ಬಂದವಳೇ ಟೈಮಿಂಗನ್ನು ಅಪ್ಪಯ್ಯನ ಗುರುತಿಗೆ ತಂದಿಡುತ್ತೇನೆ, ಅಲ್ಲಿಯವರೆಗೆ ನಿನ್ನ ಅನುಭವವನ್ನು ಅದರ ಹತ್ತಿರ ಬಿಡಬೇಡ. ಕಿಕ್ ನೀನು ಹೊಡೆ. ಹ್ಯಾಂಡಲ್ ನನ್ನದು, ನೀನು ಹಿಂದೆ ಕೂರು. ಕಿಗ್ಗ ಮುಟ್ಟುವ ತನಕ ಮಾತು ಬೇಡ, ಆಣೆ ಬಿಡಿಸಿಕೊಂಡ ಮೇಲೆ ವಾಪಸ್ ಬರುವಾಗ ದಾರಿಯುದ್ದಕ್ಕೂ ಬೇಕಾದಷ್ಟು ಬೈಯಿ. ಏರಿನಲ್ಲಿ ಎಳೆಯದಿದ್ದರೆ ನೀನು ಇಳಿದು ನೂಕು. ಎಳೆಯುತ್ತದೆ ಎಂದು ನನಗೆ ನಂಬಿಕೆ ಇದೆ.

ಕ್ಲಚ್ ಯಾಕೆ ಹಿಡಿಯಲಿಲ್ಲ ಎಂದು ಕೇಳಿದೆಯಲ್ಲ. ಗಾಡಿ ಹಿಂದಕ್ಕೆ ಹೋಗುತ್ತಿದೆ ಎಂದು ನನಗೆ ಎಲ್ಲರಿಗಿಂತ ಮೊದಲೇ ಗೊತ್ತಾಗಿತ್ತು. ಕ್ಲಚ್ಚಿನ ಮೇಲೆ ಬೆರಳೂ ಇತ್ತು. ಅಷ್ಟರಲ್ಲಿ ನೀನು ಅಕ್ಕಾ ಅಂದೆ. ಇನ್ನೊಂದು ಸಲ ಅನ್ನುತ್ತೀಯೇನೋ ಎಂದು ಕಾದೆ.

ನಿನ್ನ ಅಕ್ಕ
ನೀಲಾಂಬಿಕೆ